ತಡೆಯಲು ಬಂದವರ ಲೆಕ್ಕ

1982ರ ಜೂನ್ 29ರಂದು ಬಾರ್ಸಿಲೋನಾದ ಸಾರಿಯಾ ಮೈದಾನದಲ್ಲಿ ಇಟಲಿ ಮತ್ತು ಅರ್ಜೆಂಟೀನಾ ತಂಡಗಳು ವಿಶ್ವಕಪ್‌ನ ಎರಡನೇ ಸುತ್ತಿನಲ್ಲಿ ಎದುರಾದಾಗ, ಇಟಲಿಯ ಕ್ಲಾಡಿಯೊ ಜೆಂಟಿಲೆ ಅವರಿಗೆ ಚೆಂಡಿನ ಜೊತೆ ಹೆಚ್ಚಿನ ಕೆಲಸವಿರಲಿಲ್ಲ. ಇಪ್ಪತ್ತೊಂದು ವರ್ಷದ ಡಿಯಾಗೊ ಮರಡೋನಾ ಅವರನ್ನು ತೊಂಬತ್ತು ನಿಮಿಷವೂ ಬಿಡದೆ ಹಿಂಬಾಲಿಸುವುದೇ ಅವರಿಗೆ ಒಪ್ಪಿಸಿದ್ದ ಕೆಲಸ. ಅಂಗಿ ಹಿಡಿದು ಜಗ್ಗುವುದು, ಹಿಮ್ಮಡಿಗೆ ಒದೆಯುವುದು, ಚೆಂಡು ಬರುವ ಮೊದಲೇ ಮೈಮೇಲೆ ಬೀಳುವುದು, ಹೀಗೆ ಅವರು ಒಟ್ಟು 23 ಫೌಲುಗಳನ್ನು ಮಾಡಿದರೆಂದು ಲೆಕ್ಕ ಹಾಕಿದವರು ಬರೆದಿದ್ದಾರೆ. ಅಷ್ಟಕ್ಕೂ ಸೇರಿ ಅವರಿಗೆ ಸಿಕ್ಕಿದ್ದು ಒಂದು ಹಳದಿ ಕಾರ್ಡ್ ಮಾತ್ರ. ಇಟಲಿ 2–1ರಿಂದ ಗೆದ್ದಿತು. ಆರು ದಿನಗಳ ನಂತರ ಅದೇ ಮೈದಾನದಲ್ಲಿ ಜೆಂಟಿಲೆ ಬ್ರೆಜಿಲ್‌ನ ಜಿಕೊ ಅವರಿಗೆ ಅಂಟಿಕೊಂಡರು, ಜಿಕೊ ಅವರ ಅಂಗಿ ಹರಿಯಿತು, ಇಟಲಿ 3–2ರಿಂದ ಗೆದ್ದಿತು, ಮುಂದೆ ಕಪ್ಪನ್ನೂ ಎತ್ತಿತು.

ಆ ವಿಶ್ವಕಪ್ಪನ್ನು ಮರಡೋನಾ ಅವರ ವೈಫಲ್ಯವೆಂದು ಬರೆಯುವುದು ರೂಢಿಯಾಗಿದೆ. ನನಗೆ ಅದು ಎಂದೂ ಹಾಗೆ ಕಂಡಿಲ್ಲ. ಒಬ್ಬನನ್ನು ತಡೆಯುವುದಕ್ಕಾಗಿ ವಿಶ್ವಚಾಂಪಿಯನ್ ಆಗಬಲ್ಲ ತಂಡವೊಂದು ತನ್ನ ಹನ್ನೊಂದು ಮಂದಿಯಲ್ಲಿ ಒಬ್ಬನನ್ನು ಆಟದಿಂದಲೇ ಬಿಟ್ಟುಕೊಡಲು ಸಿದ್ಧವಾಯಿತು ಎನ್ನುವುದಾದರೆ, ಆ ಒಬ್ಬನಿಗೆ ಅದಕ್ಕಿಂತ ದೊಡ್ಡ ಪ್ರಮಾಣಪತ್ರವನ್ನು ಯಾರು ಕೊಡಬೇಕು? ಫುಟ್‌ಬಾಲ್‌ನ ಶ್ರೇಷ್ಠರ ಪಟ್ಟಿಗಳನ್ನು ನಾವು ಗೋಲುಗಳಿಂದ, ಕಪ್‌ಗಳಿಂದ, ಪ್ರಶಸ್ತಿಗಳಿಂದ ತಯಾರಿಸುತ್ತೇವೆ. ಎದುರಾಳಿಗಳು ಅವರಿಗಾಗಿ ತಮ್ಮ ಆಟವನ್ನು ಎಷ್ಟು ಕೆಡಿಸಿಕೊಳ್ಳಬೇಕಾಯಿತು ಎಂಬುದು ಅದಕ್ಕಿಂತ ನಂಬಿಕಸ್ಥ ಅಳತೆ ಎಂಬುದು ನನ್ನ ವಾದ.

ವಾದ ನನ್ನದೆಂದರೂ ಮೂಲ ನನ್ನದಲ್ಲ. ರಾಯಚೂರಿನ ನಮ್ಮ ಓಣಿಯಲ್ಲಿ ರೈಲ್ವೆ ನೌಕರಿಯಿಂದ ನಿವೃತ್ತರಾದ ಒಬ್ಬ ಚಾಚಾ ಇದ್ದರು. ಇಡೀ ಓಣಿ ಕ್ರಿಕೆಟ್ಟಿನ ಹುಚ್ಚಿನಲ್ಲಿದ್ದಾಗ ಫುಟ್‌ಬಾಲ್ ಬಗ್ಗೆ ಮಾತನಾಡುತ್ತಿದ್ದವರು ಅವರೊಬ್ಬರೇ. ಅದಕ್ಕೆ ಕಾರಣವೂ ಇತ್ತು. 1956ರ ನವೆಂಬರ್ 1ರವರೆಗೆ ರಾಯಚೂರು ಹೈದರಾಬಾದ್ ರಾಜ್ಯದಲ್ಲಿತ್ತು. ಕೋರ್ಟು, ಕಾಲೇಜು, ದೊಡ್ಡಾಸ್ಪತ್ರೆ, ಮದುವೆಯ ಜವಳಿ ಎಲ್ಲಕ್ಕೂ ನಮ್ಮ ಹಿರಿಯರು ರೈಲು ಹತ್ತುತ್ತಿದ್ದದ್ದು ಆ ದಿಕ್ಕಿಗೇ. ಆಗಿನ ಹೈದರಾಬಾದ್ ಎಂದರೆ ಭಾರತದ ಫುಟ್‌ಬಾಲ್‌ನ ದೊಡ್ಡ ಠಾಣೆ. ಸೈಯದ್ ಅಬ್ದುಲ್ ರಹೀಂ ಅವರು ತರಬೇತಿ ಕೊಟ್ಟ ಹೈದರಾಬಾದ್ ಪೊಲೀಸ್ ತಂಡವು 1950ರಿಂದ 1954ರವರೆಗೆ ಸತತ ಐದು ಬಾರಿ ಬಾಂಬೆಯ ರೋವರ್ಸ್ ಕಪ್ ಗೆದ್ದಿತ್ತು. ಆ ಆಟಗಾರರನ್ನು ಕಣ್ಣಾರೆ ಕಂಡಿದ್ದ ಚಾಚಾ ನಮಗೆ ಹೇಳುತ್ತಿದ್ದದ್ದು ಇಷ್ಟು: "ಬೇಟಾ, ಗೋಲು ಎಷ್ಟ್ ಹೊಡದಾನಂತ ಎಣಸಬ್ಯಾಡ. ಅವನ್ನ ಹಿಡಿಯಾಕ ಎಷ್ಟ್ ಮಂದಿ ಬೇಕಾತು, ಅದನ್ನ ಎಣಸು."

ಈ ಲೆಕ್ಕವನ್ನು ಹಿಡಿದು ಹಿಂದಕ್ಕೆ ಹೋದರೆ ಮೊದಲು ಸಿಗುವವರು ಹಂಗರಿಯ ನಾಂಡೊರ್ ಹಿಡೆಗ್‌ಕುಟಿ. 1953ರ ನವೆಂಬರ್ 25ರಂದು ಲಂಡನ್ನಿನ ವೆಂಬ್ಲಿಯಲ್ಲಿ ಇಂಗ್ಲೆಂಡ್ ಎದುರು ಅವರು 9ನೇ ನಂಬರಿನ ಅಂಗಿ ತೊಟ್ಟು ಇಳಿದರು. ಆ ಕಾಲದಲ್ಲಿ 9 ಎಂದರೆ ಸೆಂಟರ್ ಫಾರ್ವರ್ಡ್, ಅವನು ನಿಲ್ಲುವುದು ಎದುರಾಳಿಯ ಗೋಲಿನ ಮುಂದೆ, ಅವನನ್ನು ಕಾಯುವುದು ಸೆಂಟರ್ ಹಾಫ್‌ನ ಹೊಣೆ. ಹಿಡೆಗ್‌ಕುಟಿ ಮಾತ್ರ ಹಿಂದಕ್ಕೆ ಸರಿದು ಮಧ್ಯಮೈದಾನದಲ್ಲಿ ನಿಂತರು. ಇಂಗ್ಲೆಂಡಿನ ಸೆಂಟರ್ ಹಾಫ್ ಹ್ಯಾರಿ ಜಾನ್ಸ್‌ಟನ್ ಅವರಿಗೆ ಎರಡೇ ದಾರಿ ಉಳಿದವು: ಬೆನ್ನು ಹತ್ತಿ ಹೋದರೆ ಹಿಂದೆ ಬಯಲಾಗುವ ಜಾಗಕ್ಕೆ ಫೆರೆಂಕ್ ಪುಶ್ಕಾಶ್ ಮತ್ತು ಸಾಂಡೊರ್ ಕೊಚಿಶ್ ನುಗ್ಗುತ್ತಾರೆ, ಹೋಗದಿದ್ದರೆ ಹಿಡೆಗ್‌ಕುಟಿ ಆರಾಮಾಗಿ ಚೆಂಡು ಹಂಚುತ್ತಾರೆ, ಇಲ್ಲವೇ ತಾವೇ ಹೊಡೆಯುತ್ತಾರೆ. ಮೊದಲ ನಿಮಿಷದಲ್ಲೇ ಅವರು ಗೋಲು ಹೊಡೆದರು, ಒಟ್ಟು ಮೂರು ಹೊಡೆದರು. ಹಂಗರಿ 6–3ರಿಂದ ಗೆದ್ದಿತು. ಬ್ರಿಟಿಷ್ ದ್ವೀಪಗಳ ಹೊರಗಿನ ತಂಡವೊಂದಕ್ಕೆ ಇಂಗ್ಲೆಂಡ್ ತವರಿನಲ್ಲಿ ಸೋತದ್ದು ಅದೇ ಮೊದಲು. ಮುಂದಿನ ಮೇ ತಿಂಗಳಲ್ಲಿ ಬುಡಾಪೆಸ್ಟ್‌ಗೆ ಹೋದ ಇಂಗ್ಲೆಂಡಿಗೆ 7–1ರ ಪೆಟ್ಟು ಬಿತ್ತು. ಆರು ತಿಂಗಳ ಕಾಲಾವಕಾಶವಿದ್ದರೂ ಉತ್ತರ ಸಿಕ್ಕಿರಲಿಲ್ಲ ಎಂದೇ ಇದರರ್ಥ. ಪುಶ್ಕಾಶ್ ಅವರ ಎಡಗಾಲಿನ ಮಹಿಮೆಯ ಬಗ್ಗೆ ಎಲ್ಲರೂ ಬರೆಯುತ್ತಾರೆ, ಬರೆಯಲೇಬೇಕು. ಆದರೆ ಆ ಎಡಗಾಲಿಗೆ ಜಾಗ ಒದಗಿಸಿದ ಹಿಡೆಗ್‌ಕುಟಿಯವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿದೆ?

ಪೆಲೆ ಅವರ ವಿಷಯಕ್ಕೆ ಬಂದಾಗ ಈ ಲೆಕ್ಕ ಕ್ರೂರವಾಗುತ್ತದೆ. 1958ರಲ್ಲಿ ಹದಿನೇಳು ವರ್ಷದ ಹುಡುಗನಾಗಿ ಅವರು ಸ್ವೀಡನ್ನಿನಲ್ಲಿ ಕಪ್ ಗೆದ್ದಾಗ ಜಗತ್ತಿಗೆ ಅವರ ಪರಿಚಯವಿರಲಿಲ್ಲ. ಪರಿಚಯವಾದ ಮೇಲೆ ಜಗತ್ತು ತನ್ನ ಮದ್ದು ಹುಡುಕಿಕೊಂಡಿತು. 1966ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಪಂದ್ಯದಲ್ಲೇ ಬಲ್ಗೇರಿಯಾದವರು ಅವರ ಕಾಲುಗಳನ್ನು ಹುಡುಕಿ ಹುಡುಕಿ ಒದ್ದರು. ಎರಡನೇ ಪಂದ್ಯಕ್ಕೆ ಅವರು ಇಳಿಯಲಾಗಲಿಲ್ಲ. ಮೂರನೆಯದರಲ್ಲಿ ಪೋರ್ಚುಗಲ್‌ನ ಮೊರಾಯಿಸ್ ಒಂದೇ ಓಟದಲ್ಲಿ ಎರಡು ಸಲ ಅವರ ಮೇಲೆ ಬಿದ್ದರು. ಆಗ ವಿಶ್ವಕಪ್‌ನಲ್ಲಿ ಬದಲಿ ಆಟಗಾರನನ್ನು ಇಳಿಸುವ ನಿಯಮವೇ ಇರಲಿಲ್ಲ. ಜಗತ್ತಿನ ಅತ್ಯುತ್ತಮ ಆಟಗಾರ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಕುಂಟುತ್ತ ಅಂಚಿನಲ್ಲಿ ನಿಂತಿರಬೇಕಾಯಿತು, ಬ್ರೆಜಿಲ್ 3–1ರಿಂದ ಸೋತು ಮನೆಗೆ ಹೋಯಿತು. ಅದಕ್ಕೂ ನಾಲ್ಕು ವರ್ಷ ಮೊದಲು, 1962ರ ಚಿಲಿ ವಿಶ್ವಕಪ್‌ನ ಎರಡನೇ ಪಂದ್ಯದಲ್ಲಿ ಪೆಲೆ ಗಾಯಗೊಂಡಾಗ, ಬ್ರೆಜಿಲ್‌ನ್ನು ಎತ್ತಿ ಹಿಡಿದವರು ಗರಿಂಚಾ. ಸೊಟ್ಟ ಕಾಲುಗಳ, ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿದ್ದ ಈ ಮನುಷ್ಯ ಕ್ವಾರ್ಟರ್ ಫೈನಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಎರಡು, ಸೆಮಿಫೈನಲ್‌ನಲ್ಲಿ ಆತಿಥೇಯ ಚಿಲಿ ವಿರುದ್ಧ ಎರಡು ಗೋಲು ಹೊಡೆದರು. ಅವರು ಯಾವಾಗಲೂ ಬಲಕ್ಕೇ ಹೋಗುತ್ತಾರೆಂದು ಪ್ರತಿ ಡಿಫೆಂಡರ್‌ಗೂ ಗೊತ್ತಿತ್ತು, ಗೊತ್ತಿದ್ದೂ ಏನೂ ಮಾಡಲಾಗುತ್ತಿರಲಿಲ್ಲ. ಪೆಲೆ ಮತ್ತು ಗರಿಂಚಾ ಇಬ್ಬರೂ ಒಟ್ಟಿಗೆ ಇಳಿದ ಒಂದು ಪಂದ್ಯವನ್ನೂ ಬ್ರೆಜಿಲ್ ಸೋತಿಲ್ಲ. ಅದರ ಕಾರಣ ಸರಳವಾಗಿದೆ: ಇಬ್ಬರನ್ನೂ ಏಕಕಾಲಕ್ಕೆ ತಡೆಯುವಷ್ಟು ಮಂದಿ ಯಾವ ತಂಡದ ಬಳಿಯೂ ಇರಲಿಲ್ಲ.

ನನ್ನ ಈ ಅಳತೆಗೆ ಅತ್ಯುತ್ತಮ ಸಾಕ್ಷಿ 1970ರ ಜೂನ್ 21ರಂದು ಮೆಕ್ಸಿಕೊ ನಗರದ ಅಜ್ಟೆಕಾ ಮೈದಾನದಲ್ಲಿ ನಡೆದ ಫೈನಲ್‌ನ ಕೊನೆಯ ಗೋಲು. ಇಟಲಿಯವರದು ಮನುಷ್ಯನಿಗೆ ಮನುಷ್ಯನೆಂಬ ಕಾವಲು. ಎಡಬದಿಯ ಡಿಫೆಂಡರ್ ಜಚಿಂಟೊ ಫಕೆಟ್ಟಿ ಅವರಿಗೆ ಜೈರ್‌ಜಿನ್ಯೊ ಅವರ ಹೊಣೆ. ಬ್ರೆಜಿಲ್‌ನವರು ಇದನ್ನು ಮೊದಲೇ ಅರಿತಿದ್ದರು. ಬಲ ಅಂಚಿನ ಆಟಗಾರರಾದ ಜೈರ್‌ಜಿನ್ಯೊ ತಮ್ಮ ಜಾಗ ಬಿಟ್ಟು ಮೈದಾನದ ಎಡಬದಿಗೆ ನಡೆದರೆ ಫಕೆಟ್ಟಿಯೂ ಹಿಂದೆಯೇ ಬರುತ್ತಾರೆ, ಆಗ ಬಲ ಅಂಚು ಇಡೀ ಬಯಲಾಗುತ್ತದೆ. 86ನೇ ನಿಮಿಷದಲ್ಲಿ ಆದದ್ದು ಅದೇ. ಕ್ಲೊಡೊಆಲ್ಡೊ ತಮ್ಮದೇ ಅರ್ಧದಲ್ಲಿ ಇಟಲಿಯವರನ್ನು ಒಬ್ಬೊಬ್ಬರಾಗಿ ದಾಟಿ ಚೆಂಡನ್ನು ರಿವೆಲಿನೊಗೆ ಕೊಟ್ಟರು. ರಿವೆಲಿನೊ ಎಡ ಅಂಚಿನಲ್ಲಿದ್ದ ಜೈರ್‌ಜಿನ್ಯೊಗೆ. ಜೈರ್‌ಜಿನ್ಯೊ ಒಳಕ್ಕೆ ತಿರುಗಿ ಪೆಲೆಗೆ. ಪೆಲೆ ಚೆಂಡನ್ನು ಕಾಲಡಿ ನಿಲ್ಲಿಸಿಕೊಂಡರು. ಅವರಿಗೆ ಗೋಲಿಗೆ ಹೊಡೆಯಬಹುದಿತ್ತು, ನುಗ್ಗಬಹುದಿತ್ತು. ಆದರೆ ಅವರು ಅವಸರವಿಲ್ಲದೆ, ಆ ಕಡೆ ಮುಖ ಕೂಡ ತಿರುಗಿಸದೆ, ಬಲಗಡೆಯ ಖಾಲಿ ಜಾಗಕ್ಕೆ ಚೆಂಡನ್ನು ಉರುಳಿಸಿದರು. ಹಿಂದಿನಿಂದ ಓಡಿಬಂದ ನಾಯಕ ಕಾರ್ಲೊಸ್ ಆಲ್ಬರ್ಟೊ ಉರುಳುತ್ತಿದ್ದ ಚೆಂಡನ್ನೇ ಬಾರಿಸಿದರು. 4–1. ಆ ಗೋಲಿನ ದಾಖಲೆಯಲ್ಲಿ ಹೊಡೆದವರ ಹೆಸರಿದೆ, ಪಾಸ್ ಕೊಟ್ಟವರ ಹೆಸರಿದೆ. ಅದನ್ನು ಸಾಧ್ಯ ಮಾಡಿದ ಜೈರ್‌ಜಿನ್ಯೊ ಅವರ ಆ ನಡಿಗೆ ಯಾವ ಅಂಕಿಅಂಶದಲ್ಲೂ ಇಲ್ಲ. ಆ ವಿಶ್ವಕಪ್‌ನ ಪ್ರತಿ ಪಂದ್ಯದಲ್ಲೂ ಗೋಲು ಹೊಡೆದಿದ್ದ ಮನುಷ್ಯ ಅವರು, ಆದ್ದರಿಂದಲೇ ಫಕೆಟ್ಟಿ ಅವರನ್ನು ಬಿಟ್ಟು ನಿಲ್ಲುವ ಧೈರ್ಯ ಮಾಡಲಿಲ್ಲ.

ಕಾವಲು ಕಾಯುವವನ ಕಡೆಯಿಂದ ಇದೇ ಕಥೆಯನ್ನು ಹೇಳುವುದಾದರೆ ಫ್ರಾನ್ಜ್ ಬೆಕನ್‌ಬಾವರ್ ಅವರಿಂದ ಹೇಳಬೇಕು. 1966ರ ಫೈನಲ್‌ನಲ್ಲಿ ಅವರಿಗೆ ಇಪ್ಪತ್ತು ವರ್ಷ. ಆ ಟೂರ್ನಿಯಲ್ಲಿ ನಾಲ್ಕು ಗೋಲು ಹೊಡೆದಿದ್ದ ಈ ಚುರುಕು ಹುಡುಗನಿಗೆ ಪಶ್ಚಿಮ ಜರ್ಮನಿಯ ತರಬೇತುದಾರ ಹೆಲ್ಮುಟ್ ಶೋನ್ ಒಪ್ಪಿಸಿದ್ದು ಬಾಬಿ ಚಾರ್ಲ್‌ಟನ್ ಅವರನ್ನು ಹಿಡಿದಿಡುವ ಕೆಲಸ. ಚಾರ್ಲ್‌ಟನ್ ಅವರಿಗೂ ಬೆಕನ್‌ಬಾವರ್ ಮೇಲೆ ಕಣ್ಣಿಡುವ ಹೊಣೆಯೇ ಇತ್ತು. ಒಂದೇ ನೊಗಕ್ಕೆ ಹೂಡಿದ ಎತ್ತುಗಳಂತೆ ಇಬ್ಬರೂ ಎರಡು ಗಂಟೆ ಕಾಲ ಮೈದಾನದ ತುಂಬ ಜೊತೆಯಾಗಿ ತಿರುಗಾಡಿದರು, ಆಟ ಬೇರೆಯವರ ಕಾಲಲ್ಲಿ ತೀರ್ಮಾನವಾಗಿ ಇಂಗ್ಲೆಂಡ್ 4–2ರಿಂದ ಗೆದ್ದಿತು.

ಎಂಟು ವರ್ಷದ ನಂತರ, 1974ರಲ್ಲಿ ಮ್ಯೂನಿಕ್‌ನ ಫೈನಲ್‌ನಲ್ಲಿ ಬೆಕನ್‌ಬಾವರ್ ನಾಯಕರಾಗಿದ್ದಾಗ ಆ ಕೂಲಿ ಕೆಲಸ ಬರ್ಟಿ ಫೋಗ್ಟ್ಸ್ ಅವರ ಪಾಲಿಗೆ ಬಂತು. ಎದುರಿಗಿದ್ದವರು ನೆದರ್ಲೆಂಡ್ಸ್‌ನ ಯೊಹಾನ್ ಕ್ರೈಫ್. ಮೊದಲ ನಿಮಿಷದಲ್ಲೇ ಕ್ರೈಫ್ ಮೈದಾನದ ನಡುವಿನಿಂದ ಓಡಿ ಫೋಗ್ಟ್ಸ್ ಅವರನ್ನು ದಾಟಿದರು, ಜರ್ಮನಿಯ ಉಲಿ ಹೋನೆಸ್ ಕ್ರೈಫ್ ಅವರನ್ನು ಕೆಡವಿದರು, ನೇಸ್ಕೆನ್ಸ್ ಪೆನಾಲ್ಟಿ ಹೊಡೆದರು. ಗೋಲಾದಾಗ ಇನ್ನೂ ಯಾವ ಜರ್ಮನ್ ಆಟಗಾರನ ಕಾಲಿಗೂ ಚೆಂಡು ತಾಗಿರಲಿಲ್ಲ. ಆಮೇಲೆ ಫೋಗ್ಟ್ಸ್ ಬಿಡಲಿಲ್ಲ. ಕ್ರೈಫ್ ಹಿಂದೆ ಹಿಂದೆ ಸರಿದರು, ಜರ್ಮನಿ 2–1ರಿಂದ ಗೆದ್ದಿತು. ಇಲ್ಲಿ ಒಂದು ಮಾತು ಹೇಳಬೇಕು. ಕ್ರೈಫ್ ಆಟದ ಮಹತ್ವ ಅವರ ಪ್ರಸಿದ್ಧ ತಿರುವಿನಲ್ಲಿದೆ ಎಂದು ನಾನು ನಂಬುವುದಿಲ್ಲ; ಡಾರ್ಟ್‌ಮಂಡ್‌ನಲ್ಲಿ ಸ್ವೀಡನ್ನಿನ ಯಾನ್ ಓಲ್ಸನ್ ಅವರನ್ನು ಬೇಸ್ತು ಬೀಳಿಸಿದ ಆ ತಿರುವು ಎಷ್ಟೇ ಸೊಗಸಾಗಿದ್ದರೂ ಆ ಪಂದ್ಯ ಮುಗಿದದ್ದು 0–0ಯಲ್ಲಿ. ಬೆರಳು ತೋರಿಸುತ್ತ, ಕೂಗುತ್ತ, ಇಡೀ ತಂಡವನ್ನು ಮೈದಾನದಲ್ಲಿ ಅತ್ತಿತ್ತ ಸರಿಸುತ್ತಿದ್ದ ಕ್ರೈಫ್ ನನಗೆ ದೊಡ್ಡವರು.

ಇನ್ನು 1986. ಅದು ದೂರದರ್ಶನದ ವಿಶ್ವಕಪ್. ನಮ್ಮ ಪೀಳಿಗೆ ಓದಿ ಕೇಳಿ ತಿಳಿದಿದ್ದ ಆಟವನ್ನು ಕಣ್ಣಿಂದ ಕಂಡದ್ದು ಅದರಲ್ಲೇ. ಮೆಕ್ಸಿಕೊದ ನಡುಮಧ್ಯಾಹ್ನ ನಮಗೆ ರಾತ್ರಿ ಹನ್ನೊಂದೂವರೆ. ಕಾರಹುಣ್ಣಿಮೆಯ ಆಸುಪಾಸಿನ ದಿನಗಳು, ಮಳೆ ಇನ್ನೂ ಸರಿಯಾಗಿ ಹಿಡಿದಿರಲಿಲ್ಲ, ರಾಯಚೂರಿನ ಕಲ್ಲುಗೋಡೆಗಳು ಹಗಲಿನ ಬಿಸಿಲನ್ನು ರಾತ್ರಿಯೂ ಕಾರುತ್ತಿದ್ದವು. ಮಾಳಿಗೆಯ ಮೇಲೆ ಮಲಗಬೇಕಾದವರೆಲ್ಲ ಓಣಿಯಲ್ಲಿ ಟಿವಿಯಿದ್ದ ಮನೆಯ ಪಡಸಾಲೆಯಲ್ಲಿ ಬನಿಯನ್ನು, ಲುಂಗಿಯಲ್ಲಿ ಕುಳಿತಿದ್ದರು. ಚಾಚಾ ಅವರಿಗೆ ಮಾತ್ರ ಕುರ್ಚಿ. ಜೂನ್ 22ರಂದು ಅರ್ಜೆಂಟೀನಾ, ಇಂಗ್ಲೆಂಡ್ ಎದುರು. ಮರಡೋನಾ ಕೈಯಿಂದ ತಳ್ಳಿದ ಮೊದಲ ಗೋಲಿನ ಗದ್ದಲ ಇನ್ನೂ ಅಡಗಿರಲಿಲ್ಲ, ನಾಲ್ಕೇ ನಿಮಿಷದಲ್ಲಿ ಅವರು ತಮ್ಮದೇ ಅರ್ಧದಲ್ಲಿ ಚೆಂಡು ಪಡೆದು ಬಿಯರ್ಡ್ಸ್‌ಲಿ ಮತ್ತು ರೀಡ್ ನಡುವೆ ಗಿರ್ರನೆ ತಿರುಗಿ ಹೊರಬಿದ್ದರು. ರೀಡ್ ಬೆನ್ನಟ್ಟಿ ಕೈಬಿಟ್ಟರು. ಮರಡೋನಾ ಬುಚರ್ ಅವರನ್ನೂ ದಾಟಿಹೋದರು. ಮುಂದೆ ಟೆರಿ ಫೆನ್‌ವಿಕ್. ಪಂದ್ಯದ ಆರಂಭದಲ್ಲೇ ಮರಡೋನಾ ಅವರನ್ನು ಕೆಡವಿ ಹಳದಿ ಕಾರ್ಡ್ ಪಡೆದಿದ್ದ ಫೆನ್‌ವಿಕ್ ಈಗ ಕಾಲು ಹಾಕಲು ಅನುಮಾನಿಸಿದರು. ಆ ಅನುಮಾನದ ಪಕ್ಕದಿಂದಲೇ ಮರಡೋನಾ ಒಳಗೆ ಹೋದರು. ಗೋಲ್‌ಕೀಪರ್ ಶಿಲ್ಟನ್ ಮುಂದೆ ಬಂದರು, ಅವರನ್ನೂ ಸುತ್ತಿ, ಮತ್ತೆ ಓಡಿಬಂದ ಬುಚರ್ ಮಗ್ಗುಲಿಂದ ಕಾಲು ಚಾಚಿ ಬೀಳುವಷ್ಟರಲ್ಲಿ ಚೆಂಡು ಬಲೆಯಲ್ಲಿತ್ತು. ಇಷ್ಟೂ ಎಡಗಾಲಿನಲ್ಲೇ. ಕುರ್ಚಿಯಿಂದ ಚಾಚಾ ಬೆರಳು ಮಡಿಚುತ್ತ ಹೆಸರು ಗೊತ್ತಿಲ್ಲದ ಇಂಗ್ಲಿಷರನ್ನು ಎಣಿಸಿದರು.

ಒಂದು ವಾರದ ನಂತರದ ಫೈನಲ್‌ನಲ್ಲಿ ಪಶ್ಚಿಮ ಜರ್ಮನಿಯ ತರಬೇತುದಾರರಾಗಿ ಅಂಚಿನಲ್ಲಿ ನಿಂತಿದ್ದವರು ಅದೇ ಬೆಕನ್‌ಬಾವರ್. ಇಪ್ಪತ್ತು ವರ್ಷಗಳ ಹಿಂದೆ ತಮಗೆ ಏನು ಮಾಡಲಾಗಿತ್ತೋ ಅದನ್ನೇ ಅವರು ತಮ್ಮ ಅತ್ಯುತ್ತಮ ಮಧ್ಯಮೈದಾನದ ಆಟಗಾರ ಲೋಥರ್ ಮಥಾಯಸ್ ಅವರಿಗೆ ಮಾಡಿದರು: ಮರಡೋನಾ ಅವರ ಕಾವಲು. ಮರಡೋನಾ ಆ ಪಂದ್ಯದಲ್ಲಿ ಗೋಲು ಹೊಡೆಯಲಿಲ್ಲ. ಆ ಮಟ್ಟಿಗೆ ಉಪಾಯ ಫಲಿಸಿತು. ಆದರೆ ಅವರ ಸುತ್ತ ಜನ ಸೇರಿದಷ್ಟೂ ಉಳಿದವರಿಗೆ ಜಾಗ ಸಿಕ್ಕಿತು. ಜರ್ಮನಿ 0–2ರಿಂದ 2–2ಕ್ಕೆ ಬಂದ ಮೇಲೆ, 84ನೇ ನಿಮಿಷದಲ್ಲಿ, ನಡುಗೆರೆಯ ಬಳಿ ಜರ್ಮನರು ಮುತ್ತಿಕೊಂಡಿರುವಾಗಲೇ ಮರಡೋನಾ ಚೆಂಡನ್ನು ಒಂದೇ ಸ್ಪರ್ಶದಲ್ಲಿ ಮುಂದಕ್ಕೆ ತಳ್ಳಿದರು. ಬುರುಚಾಗಾ ಒಬ್ಬರೇ ಓಡಿಹೋಗಿ ಗೋಲು ಹೊಡೆದರು. 3–2. ಇಂಗ್ಲೆಂಡ್ ವಿರುದ್ಧದ ಗೋಲಿಗಿಂತ ಈ ಪಾಸೇ ಹೆಚ್ಚಿನದೆಂದು ನಾನು ಹೇಳಿದರೆ ಗೆಳೆಯರು ನಗುತ್ತಾರೆ, ನಗಲಿ.

ಆಟದ ನಿಯಮಗಳೂ ಈ ಲೆಕ್ಕವನ್ನು ಬದಲಿಸಿವೆ. 1966ರ ಗಲಾಟೆಗಳನ್ನು ಕಂಡ ಇಂಗ್ಲಿಷ್ ರೆಫರಿ ಕೆನ್ ಆಸ್ಟನ್ ಅವರ ಆಲೋಚನೆಯಂತೆ ಹಳದಿ ಮತ್ತು ಕೆಂಪು ಕಾರ್ಡುಗಳು 1970ರ ವಿಶ್ವಕಪ್‌ಗೆ ಬಂದವು. ಆದರೂ 1982ರ ಜೆಂಟಿಲೆ ಆಟ ಮುಗಿಯುವವರೆಗೂ ಮೈದಾನದಲ್ಲಿ ಉಳಿದರು. ನೆದರ್ಲೆಂಡ್ಸ್‌ನ ಮಾರ್ಕೊ ವಾನ್ ಬಾಸ್ಟನ್ ಹಿಮ್ಮಡಿಯ ಗಂಟಿಗೆ ಬಿದ್ದ ಪೆಟ್ಟುಗಳಿಂದಾಗಿ ಇಪ್ಪತ್ತೆಂಟನೇ ವಯಸ್ಸಿಗೆ ಕೊನೆಯ ಪಂದ್ಯ ಆಡಿದರು. ಹಿಂದಿನಿಂದ ಬೀಳುವ ಟ್ಯಾಕಲ್‌ಗೆ ಕಠಿಣ ಶಿಕ್ಷೆ ಬಂದದ್ದು 1990ರ ದಶಕದಲ್ಲಿ. ಅದರಿಂದ ಲಿಯೊನೆಲ್ ಮೆಸ್ಸಿ ಅವರ ಕಾಲುಗಳು ಉಳಿದುಕೊಂಡವು ಎನ್ನುವುದು ಪೆಲೆ, ಮರಡೋನಾ ಅಭಿಮಾನಿಗಳ ದೂರು. ದೂರಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಈಗಿನ ತಂಡಗಳು ಒಬ್ಬ ಕಾವಲುಗಾರನನ್ನು ನೇಮಿಸುವ ಬದಲು ಜಾಗವನ್ನೇ ಮುಚ್ಚುತ್ತವೆ. ಆದ್ದರಿಂದ 2022ರ ಡಿಸೆಂಬರ್ 13ರ ಸೆಮಿಫೈನಲ್‌ನಲ್ಲಿ ಕ್ರೊವೇಷ್ಯಾದ ಯೊಶ್ಕೊ ಗ್ವಾರ್ಡಿಯೊಲ್ ಮತ್ತು ಮೆಸ್ಸಿ ಬಲ ಅಂಚಿನಲ್ಲಿ ಇಬ್ಬರೇ ಎದುರಾದ ಆ ಕೆಲವು ಕ್ಷಣಗಳು ಹಳೆಯ ಕಾಲದ ಫುಟ್‌ಬಾಲ್‌ನಂತೆ ಕಂಡವು. ಒಬ್ಬರಿಗೆ ಇಪ್ಪತ್ತು ವರ್ಷ, ಆ ಟೂರ್ನಿಯ ಒಳ್ಳೆಯ ಡಿಫೆಂಡರ್‌ಗಳಲ್ಲಿ ಒಬ್ಬರು, ಇನ್ನೊಬ್ಬರಿಗೆ ಮೂವತ್ತೈದು. ಮೆಸ್ಸಿ ನಿಂತರು, ಹೊರಟರು, ಮತ್ತೆ ನಿಂತರು, ಬೆನ್ನು ಕೊಟ್ಟು ತಿರುಗಿದರು, ಗೋಲಿನ ಗೆರೆಯವರೆಗೆ ಹೋಗಿ ಆಲ್ವಾರೆಜ್‌ಗೆ ಚೆಂಡು ಕೊಟ್ಟರು. ಗ್ವಾರ್ಡಿಯೊಲ್ ಎಲ್ಲಿಯೂ ತಪ್ಪು ಮಾಡಲಿಲ್ಲ, ಆದರೂ ಸೋತರು.

ಈ ಅಳತೆಗೆ ಸಿಗದವರೂ ಇದ್ದಾರೆ. ಪುರುಷರ ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ ಅತಿ ಹೆಚ್ಚು ಗೋಲು ಹೊಡೆದ ಕ್ರಿಸ್ಟಿಯಾನೊ ರೊನಾಲ್ಡೊ ಅವರನ್ನು ಗೋಲುಗಳಿಂದಲೇ ಅಳೆಯಬೇಕು. ಪುರುಷ, ಮಹಿಳೆ ಎಂಬ ಭೇದವಿಲ್ಲದೆ ವಿಶ್ವಕಪ್‌ಗಳಲ್ಲಿ ಅತಿ ಹೆಚ್ಚು, 17 ಗೋಲು ಹೊಡೆದ ಬ್ರೆಜಿಲ್‌ನ ಮಾರ್ಟಾ ಅವರನ್ನು ಎರಡೂ ಅಳತೆಗಳಿಂದ. ಗೋಲ್‌ಕೀಪರ್‌ಗಳಲ್ಲಿ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಬಾಲನ್ ಡಿ'ಓರ್ ಪ್ರಶಸ್ತಿ ಪಡೆದ ಒಬ್ಬರೇ ಒಬ್ಬರಾದ ಸೋವಿಯತ್ ಒಕ್ಕೂಟದ ಲೆವ್ ಯಾಶಿನ್ ಅವರನ್ನು ಅಳೆಯಲು ನನ್ನಲ್ಲಿ ಸಾಧನವಿಲ್ಲ. ಅವರು ಚಿನ್ನ ಗೆದ್ದ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲೇ ಭಾರತ ನಾಲ್ಕನೆಯದಾಯಿತು. ಆಸ್ಟ್ರೇಲಿಯಾ ಎದುರು ನೆವಿಲ್ ಡಿ'ಸೋಜಾ ಮೂರು ಗೋಲು ಹೊಡೆದರು. ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿ ಆಗಿನ್ನೂ ಕೆಲವೇ ವಾರ ಕಳೆದಿದ್ದವು. ಆ ತಂಡದ ತರಬೇತುದಾರರು ಹೈದರಾಬಾದಿನವರೆಂಬ ಹೆಮ್ಮೆಯನ್ನು ಚಾಚಾ ಅವರ ಪೀಳಿಗೆ ಬಿಟ್ಟುಕೊಟ್ಟಿರಲಿಲ್ಲ.

ರಹೀಂ ಅವರ ಕೊನೆಯ ದೊಡ್ಡ ಪಂದ್ಯ 1962ರ ಸೆಪ್ಟೆಂಬರ್ 4ರಂದು ಜಕಾರ್ತಾದಲ್ಲಿ ನಡೆದ ಏಷ್ಯನ್ ಗೇಮ್ಸ್ ಫೈನಲ್. ಟೂರ್ನಿಯ ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯಾ ಭಾರತವನ್ನು 2–0ರಿಂದ ಸೋಲಿಸಿತ್ತು. ಫೈನಲ್‌ನಲ್ಲಿ ಎದುರಾದದ್ದೂ ಅದೇ ಕೊರಿಯಾ. ಪ್ರೇಕ್ಷಕರು ಭಾರತದ ವಿರುದ್ಧ ಕೂಗುತ್ತಿದ್ದರು, ಏಕೆಂದರೆ ಇಸ್ರೇಲ್ ಮತ್ತು ತೈವಾನ್‌ಗಳನ್ನು ಹೊರಗಿಟ್ಟಿದ್ದಕ್ಕೆ ಭಾರತದ ಕ್ರೀಡಾ ಅಧಿಕಾರಿಯೊಬ್ಬರು ಆಕ್ಷೇಪ ಎತ್ತಿದ್ದರು. ರಕ್ಷಣಾ ವಿಭಾಗದ ಗೋಡೆಯಾಗಿದ್ದ ಜರ್ನೈಲ್ ಸಿಂಗ್ ಅವರ ತಲೆಗೆ ಟೂರ್ನಿಯ ನಡುವೆ ಪೆಟ್ಟು ಬಿದ್ದು ಹೊಲಿಗೆ ಹಾಕಲಾಗಿತ್ತು. ಅಂಥವರನ್ನು ಹೊರಗೆ ಕೂರಿಸುವ ಬದಲು ರಹೀಂ ಅವರು ಮುಂದಕ್ಕೆ ಕಳಿಸಿ ಸೆಂಟರ್ ಫಾರ್ವರ್ಡ್ ಮಾಡಿದರು. ಕೊರಿಯಾದವರು ಮೊದಲ ಪಂದ್ಯದಲ್ಲಿ ಹಿಂದೆ ಕಂಡಿದ್ದ ಈ ದೈತ್ಯನನ್ನು ಈಗ ತಮ್ಮ ಗೋಲಿನ ಮುಂದೆ, ತಲೆಗೆ ಪಟ್ಟಿ ಕಟ್ಟಿಕೊಂಡು ನಿಂತಿದ್ದನ್ನು ಕಂಡರು. ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು, ಭಾರತ 2–1, ಚಿನ್ನ. ರಹೀಂ ಆಗಲೇ ಕ್ಯಾನ್ಸರ್‌ನಿಂದ ಬಳಲುತ್ತಿದ್ದರು, ಮರುವರ್ಷ ಜೂನ್‌ನಲ್ಲಿ ತೀರಿಕೊಂಡರು.

ಆ ತಂಡದಲ್ಲಿ ಯಾರು ದೊಡ್ಡವರು ಎಂಬ ಬಗ್ಗೆ ಚಾಚಾಗೂ ನನಗೂ ಕೊನೆಯವರೆಗೆ ಒಪ್ಪಂದವಾಗಲಿಲ್ಲ. ಅವರದು ತುಳಸಿದಾಸ್ ಬಲರಾಂ. ನನ್ನದು ಜರ್ನೈಲ್, ಅದೂ ಅವರೇ ಕಲಿಸಿದ ಲೆಕ್ಕದ ಪ್ರಕಾರ. "ಸಿಕಂದರಾಬಾದಿನ ನಮ್ಮ ಹುಡುಗನ್ನ ಬಿಟ್ಟು ಪಂಜಾಬದವನ ಕೈ ಹಿಡೀತಿಯೇನು?" ಎಂದು ಕೇಳುತ್ತಿದ್ದರು. ಲೆಕ್ಕ ನಿಮ್ಮದೇ ಅಲ್ಲವೇ ಚಾಚಾ ಎಂದರೆ, ಆ ಲೆಕ್ಕ ವಿದೇಶದವರಿಗೆ ಮಾತ್ರ ಎಂದು ಹೇಳಿ ಬೀಡಿ ಹಚ್ಚುತ್ತಿದ್ದರು.